ಬ್ಯಾಂಕಾಕ್‌ಗೆ ಒಬ್ಬರೇ ಹೊರಟ ಗೇ ಪ್ರವಾಸಿಗೆ: ಹೋಟೆಲ್ ಆರಿಸುವ ಬಗೆ

ಮೊದಲು ಜಾಗ. ಗೇ ಬಾರ್‌ಗಳಿರುವ ಸೀಲೋಮ್ ಸೋಯ್ 2 ಮತ್ತು ಸೋಯ್ 4 ಗಲ್ಲಿಗಳು ಸ್ಕೈಟ್ರೇನಿನ (ಬ್ಯಾಂಕಾಕ್‌ನ ಎತ್ತರದ ಹಳಿಯ ಮೆಟ್ರೋ) ಸಾಲಾ ಡೇಂಗ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ. ಸ್ಕೈಟ್ರೇನ್ ನಡುರಾತ್ರಿ ಹೊತ್ತಿಗೆ ನಿಲ್ಲುತ್ತದೆ, ಹಾಗಾಗಿ ಈ ಗಲ್ಲಿಗಳಿಂದ 10 ನಿಮಿಷದ ನಡಿಗೆಯೊಳಗೇ ರೂಮು ಹಿಡಿಯಿರಿ.

ಬುಕ್ ಮಾಡುವ ಮುಂಚೆ ಹೋಟೆಲ್‌ಗೆ ನೇರವಾಗಿ ಮೇಲ್ ಹಾಕಿ: "ರಾತ್ರಿ ಗೆಳೆಯನೊಬ್ಬ ರೂಮಿಗೆ ಬಂದರೆ ಹೆಚ್ಚುವರಿ ದುಡ್ಡು ಕೊಡಬೇಕೇ?" ಅಲ್ಲಿ ಇದನ್ನು ಜಾಯ್ನರ್ ಫೀ ಅನ್ನುತ್ತಾರೆ. ಸ್ಪಷ್ಟ ಉತ್ತರ ಬಂದರೆ ಸರಿ, ಸುತ್ತಿಬಳಸಿದರೆ ಬೇರೆ ಕಡೆ ನೋಡಿ. ಬಂದವರ ಗುರುತಿನ ಚೀಟಿಯನ್ನು ರಿಸೆಪ್ಶನ್‌ನಲ್ಲಿ ಕೇಳಿದರೆ ಬೇಸರ ಬೇಡ. ಅದು ನಿಮ್ಮ ಸುರಕ್ಷತೆಗೇ.

ಥಾಯ್ಲೆಂಡ್‌ನಲ್ಲಿ 2025ರ ಜನವರಿ 23ರಿಂದ ಸಲಿಂಗ ವಿವಾಹ ಕಾನೂನುಬದ್ಧ, ಆದ್ದರಿಂದ ಸ್ವಾಗತ ಸಿಗುವುದು ಕಷ್ಟವಲ್ಲ. ಮಾತಿಗೆ ಜನ ಸಿಗುವುದೇ ಕಷ್ಟ. ಬಾಗಿಲಿನ ಕಾಮನಬಿಲ್ಲಿನ ಬಾವುಟ ನೋಡಿ ಮರುಳಾಗಬೇಡಿ. ಫೋಟೋಗಳಲ್ಲಿ ಈಜುಕೊಳದ ಪಕ್ಕ ಬಾರ್ ಇದೆಯೇ, ತಿಂಡಿಗೆ ಎಲ್ಲರೂ ಕೂರುವ ಉದ್ದನೆಯ ಮೇಜಿದೆಯೇ ನೋಡಿ. ಇಬ್ಬಿಬ್ಬರ ಪುಟ್ಟ ಮೇಜುಗಳೇ ತುಂಬಿದ್ದರೆ ಅದು ಜೋಡಿಗಳ ಹೋಟೆಲ್ಲು. ಮುನ್ನೂರು ಕೋಣೆಯ ಕಟ್ಟಡಕ್ಕಿಂತ ಮೂವತ್ತು ಕೋಣೆಯದರಲ್ಲಿ ಎರಡನೇ ಬೆಳಿಗ್ಗೆಗೇ ಮುಖ ಪರಿಚಯವಾಗುತ್ತದೆ.

ವಿಮರ್ಶೆಗಳಲ್ಲಿ ಕಳೆದ ಆರು ತಿಂಗಳದ್ದನ್ನಷ್ಟೇ ಓದಿ, ಅದರಲ್ಲೂ ಒಬ್ಬರೇ ಬಂದವರು ಬರೆದದ್ದನ್ನು. ಮಾಲೀಕರು ಬದಲಾದರೆ ಹಳೆಯ ಹೊಗಳಿಕೆ ಕೆಲಸಕ್ಕೆ ಬಾರದು. ಮೊದಲು ಎರಡೇ ರಾತ್ರಿಗೆ ಬುಕ್ ಮಾಡಿ, ಹಿಡಿಸಿದರೆ ಅಲ್ಲೇ ಮುಂದುವರಿಸಿ.