ಮೊಟ್ಟೆ ಬಿಟ್ಟು ಬೇರೇನೂ ತಿನ್ನದ ಹಾವಿಗೆ ಊಟ ಹಿಡಿಸಿದ ನನ್ನ ಅನುಭವ

ಹೊಸದಾಗಿ ಹಾವು ತಂದೋರೆಲ್ಲ ಮೊದಲು ಕೇಳೋದು ಒಂದೇ, ತಿಂತಾ ಇಲ್ಲ ಏನ್ ಮಾಡ್ಲಿ ಅಂತ. ಬಾಲ್ ಪೈಥಾನ್, ಕಾರ್ನ್ ಸ್ನೇಕ್ ತರ ಇಲಿ ತಿನ್ನೋ ಹಾವಾದ್ರೆ ಹೇಳಿಕೊಡೋರು ಬೇಕಾದಷ್ಟು ಜನ ಇದಾರೆ, ಇಲಿ ಬೆಚ್ಚಗೆ ಮಾಡಿ ಕೊಡಿ, ಕತ್ತಲೆ ಮಾಡಿ, ಡಬ್ಬಿ ಸಣ್ಣದು ಮಾಡಿ ಅಂತೆಲ್ಲ. ನಾನು ಸಾಕಿರೋದು ಆಫ್ರಿಕಾದ ಮೊಟ್ಟೆ ತಿನ್ನೋ ಹಾವು, ಡ್ಯಾಸಿಪೆಲ್ಟಿಸ್ ಅಂತ. ಇದು ಹಕ್ಕಿ ಮೊಟ್ಟೆ ಬಿಟ್ರೆ ಜನ್ಮದಲ್ಲಿ ಬೇರೇನೂ ಮುಟ್ಟಲ್ಲ. ಇಲಿಮರಿ ಇಟ್ರೆ ಪಕ್ಕದಲ್ಲೇ ಹರ್ಕೊಂಡು ಹೋಗುತ್ತೆ. ಬಾಯಲ್ಲಿ ಹಲ್ಲು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಅದರ ಬದಲು ಕುತ್ತಿಗೆ ಭಾಗದಲ್ಲಿ ಬೆನ್ನುಮೂಳೆಯಿಂದ ಕೆಳಕ್ಕೆ ಚಾಚಿರೋ ಚೂಪಾದ ಮೂಳೆಗಳಿವೆ, ನುಂಗಿದ ಮೊಟ್ಟೆ ಒಡೆಯೋದು ಅಲ್ಲಿ. ಹಾಗಾಗಿ ಇಲಿಗೆ ರೂಢಿ ಮಾಡ್ಸು ಅನ್ನೋ ಸಲಹೆ ಇದಕ್ಕೆ ನಡಿಯಲ್ಲ.

ಮೊದಲೇ ಒಂದು ಮಾತು, ನಮ್ಮ ದೇಶದ ಹಾವು ಯಾವುದನ್ನೂ ಮನೇಲಿ ಸಾಕಂಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನಮ್ಮಲ್ಲೂ ಮೊಟ್ಟೆ ತಿನ್ನೋ ಹಾವು ಒಂದಿದೆ, ಅಪರೂಪದ್ದು, ಅದರ ಸುದ್ದಿಗೇ ಹೋಗಬೇಡಿ. ಬಾಲ್ ಪೈಥಾನ್ ತರ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋ ಹೊರದೇಶದ ಹಾವಾದ್ರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡ್ಸಬೇಕು. ಕಾಗದಪತ್ರ ಸರಿ ಇಲ್ದೇ ಇರೋ ಪ್ರಾಣಿ ಎಷ್ಟೇ ಚೆನ್ನಾಗಿದ್ರೂ ತರಬೇಡಿ.

ಈಗ ವಿಷಯಕ್ಕೆ ಬರ್ತೀನಿ. ನಮ್ಮನೆ ತೀರ್ಥಹಳ್ಳಿ ಹತ್ರ, ಸುತ್ತ ಅಡಿಕೆ ತೋಟ. ಹಾವು ಬಂದಾಗ ಕಿರುಬೆರಳಿಗಿಂತ ತೆಳ್ಳಗಿತ್ತು. ಕೊಟ್ಟೋರು ಕ್ವೈಲ್ (ಲಾವಕ್ಕಿ) ಮೊಟ್ಟೆ ಹಾಕಿ ಸಾಕು ಅಂದಿದ್ರು. ದೊಡ್ಡ ಹೆಣ್ಣು ಹಾವಿಗೆ ಅದು ಸರಿಯೇ, ಆದ್ರೆ ಕ್ವೈಲ್ ಮೊಟ್ಟೆ ಹತ್ತು ಹನ್ನೆರಡು ಗ್ರಾಂ ತೂಗುತ್ತೆ, ಮರಿ ಹಾವಿನ ಬಾಯಿ ಎಷ್ಟೇ ಹಿಗ್ಗಿದ್ರೂ ಅದು ಒಳಗೆ ಹೋಗಲ್ಲ. ಫಿಂಚ್ ಅನ್ನೋ ಪುಟ್ಟ ಪಂಜರದ ಹಕ್ಕಿ ಮೊಟ್ಟೆ ಒಂದು ಗ್ರಾಂ ಆಸುಪಾಸು, ಬಡ್ಜಿ ಅನ್ನೋ ಸಣ್ಣ ಗಿಳಿದು ಎರಡು, ಅದಕ್ಕಿಂತ ದೊಡ್ಡ ಗಿಳಿ ಕಾಕಟೀಲ್‌ದು ಐದು ಆರು, ಆಮೇಲೆ ಕ್ವೈಲ್. ಹಾವು ಬೆಳೆದ ಹಾಗೆ ಒಂದೊಂದೇ ಮೆಟ್ಟಲು ಹತ್ತಬೇಕು. ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು, ಮೊದಲು ಮೊಟ್ಟೆ ಕೊಡೋ ಮನೆ ಹುಡುಕಿ, ಆಮೇಲೆ ಹಾವು ತನ್ನಿ.

ನನ್ನ ಪುಣ್ಯಕ್ಕೆ ಶಿವಮೊಗ್ಗದ ವಿನೋಬನಗರದಲ್ಲಿ ಬಡ್ಜಿ, ಫಿಂಚ್ ಸಾಕೋ ಗೆಳೆಯ ಒಬ್ಬ ಇದಾನೆ. ಅವನ ಹತ್ರ ಮಾತಾಡಿದಾಗ್ಲೇ ಅರ್ಥ ಆಗಿದ್ದು, ಸುಮ್ನೆ ಗೂಡಿಗೆ ಕೈ ಹಾಕಿ ಎಲ್ಲ ಮೊಟ್ಟೆ ತಗೊಂಡು ಬರೋ ಹಾಗಿಲ್ಲ ಅಂತ. ತೆಗೆದಷ್ಟೂ ಹೆಣ್ಣು ಹಕ್ಕಿ ಮತ್ತೆ ಮತ್ತೆ ಇಡುತ್ತೆ, ಮೈಯಲ್ಲಿರೋ ಕ್ಯಾಲ್ಸಿಯಂ ಎಲ್ಲ ಖಾಲಿಯಾಗಿ ಸೊರಗುತ್ತೆ, ಕೆಲವು ಸಲ ಮೊಟ್ಟೆ ಒಳಗೇ ಸಿಕ್ಕಾಕ್ಕೊಂಡು ಸತ್ತೇ ಹೋಗುತ್ತೆ. ಅವನು ಒಂದೋ ಎರಡೋ ತೆಗೆದು ಆ ಜಾಗಕ್ಕೆ ಪ್ಲಾಸ್ಟಿಕ್ ಮೊಟ್ಟೆ ಇಡ್ತಾನೆ, ಹಕ್ಕಿ ಕಾವು ಕೂತ್ಕೊಂಡಿರುತ್ತೆ. ಹಾವಿನ ಹೊಟ್ಟೆಗೋಸ್ಕರ ಹಕ್ಕಿ ಸಾಯೋದು ಬೇಡ, ಇದು ನಮ್ಮಿಬ್ಬರದ್ದೂ ಒಂದೇ ಮಾತು.

ಇನ್ನು ವಾಸನೆ. ಇಡೀ ಕತೆ ಇರೋದು ಇಲ್ಲೇ. ಈ ಹಾವಿಗೆ ಮೊಟ್ಟೆ ಕಂಡ್ರೆ ಸಾಲದು, ನಾಲಿಗೆ ಆಡಿಸಿ ಆಡಿಸಿ ವಾಸನೆ ನೋಡುತ್ತೆ, ಒಳಗೆ ಕೆಟ್ಟಿದ್ರೆ ಅಥವಾ ಮರಿ ಬೆಳೆದಿದ್ರೆ ಅದಕ್ಕೆ ಗೊತ್ತಾಗುತ್ತೆ, ಬಿಟ್ಟು ಹೋಗುತ್ತೆ. ತೊಳೆದು ಫ್ರಿಡ್ಜಲ್ಲಿಟ್ಟ ಮೊಟ್ಟೆಗೆ ಹಕ್ಕಿ ವಾಸನೆ ಉಳಿಯಲ್ಲ. ಹಾಗಾಗಿ ಇಟ್ಟ ದಿನಾನೋ ಮಾರನೇ ದಿನಾನೋ ತೆಗೆದ ಮೊಟ್ಟೆ, ತೊಳೀದೆ, ಒರೆಸದೆ, ಅದೇ ಗೂಡಿನ ಪುಕ್ಕ, ಹುಲ್ಲಿನ ಜೊತೆ ಡಬ್ಬಿಗೆ ಹಾಕಿ ಬಸ್ಸಲ್ಲಿ ತರ್ತಿದ್ದೆ, ಬಿಸಿಲಿಗೆ ಇಡದೆ ಮಡಿಲಲ್ಲೇ ಇಟ್ಕೊಂಡು. ಮನೆಗೆ ಬಂದ್ಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡ್ತೀನಿ, ಒಳಗೆ ಕೆಂಪು ನರ ಕಂಡ್ರೆ ಅದು ಕಾವಿಗೆ ಬಂದಿದೆ ಅಂತ, ಹಾವಿಗೆ ಹಾಕಲ್ಲ. ಮೊಟ್ಟೆ ಮುಟ್ಟೋ ಮುಂಚೆ ಸೋಪು ಹಾಕಿ ಕೈ ತೊಳ್ಕೊಂಡ್ರೆ ಆ ಸೋಪಿನ ವಾಸನೇನೂ ಮೊಟ್ಟೆಗೆ ಅಂಟುತ್ತೆ, ಅದಕ್ಕೆ ಮರದ ಚಮಚ ಒಂದನ್ನ ಇದಕ್ಕೇ ಅಂತ ಇಟ್ಟಿದೀನಿ.

ಬಂದ ಮೊದಲ ವಾರ ಊಟದ ಸುದ್ದಿಗೇ ಹೋಗಲಿಲ್ಲ. ಕೈಗೆ ಎತ್ಕೊಳ್ಳಲಿಲ್ಲ, ನೀರು ಬದಲಾಯಿಸೋದು ಬಿಟ್ರೆ ಡಬ್ಬಿ ತೆಗೀಲೂ ಇಲ್ಲ. ಒಂದು ಕಡೆ ಹೀಟ್ ಮ್ಯಾಟ್ ಹಾಕಿ ಥರ್ಮೋಸ್ಟಾಟ್‌ನಲ್ಲಿ 28ರಿಂದ 30 ಡಿಗ್ರಿ, ಇನ್ನೊಂದು ಕಡೆ ತಂಪು, ಎರಡೂ ಕಡೆ ಅಡಗಿಕೊಳ್ಳೋಕೆ ಜಾಗ. ಮಲೆನಾಡಿನ ಮಳೆಗಾಲ ಅಂದ್ರೆ ಗೊತ್ತಲ್ಲ, ಕರೆಂಟು ಹೋದ್ರೆ ಯಾವಾಗ ಬರುತ್ತೋ, ಹೀಟ್ ಮ್ಯಾಟ್ ಇನ್ವರ್ಟರ್ ಲೈನಿಗೇ ಹಾಕಿದೀನಿ, ಮೈ ತಣ್ಣಗಾದ ಹಾವು ಏನು ಕೊಟ್ರೂ ತಿನ್ನಲ್ಲ. ಡಬ್ಬಿ ಒಳಗೆ ತೇವ ಜಾಸ್ತಿ ಆಗಿ ಬೂಷ್ಟು ಹಿಡಿಯೋದೂ ಇದೆ, ಗಾಳಿ ಆಡೋ ತೂತು ಜಾಸ್ತಿ ಇರ್ಬೇಕು.

ಆಮೇಲೆ ಸಂಜೆ ಕತ್ತಲಾಗ್ತಿದ್ದ ಹಾಗೆ ಒಂದು ಫಿಂಚ್ ಮೊಟ್ಟೆ, ಪುಕ್ಕದ ಸಮೇತ, ಅದು ಅಡಗೋ ಜಾಗದ ಬಾಯಿ ಹತ್ರ ಇಟ್ಟು ಬಟ್ಟೆ ಮುಚ್ಚಿ ಬಂದ್ಬಿಡ್ತಿದ್ದೆ. ಬೆಳಿಗ್ಗೆ ನೋಡಿದ್ರೆ ಹಾಗೇ ಇರೋದು. ತೆಗೆದು ಬಿಸಾಕಿ ಎರಡು ಮೂರು ದಿನ ಬಿಟ್ಟು ಹೊಸದು. ಅಮ್ಮಂಗೆ ಸಂಕಟ, "ಪಾಪ ಅದು, ಎಂತಾರೂ ತಿನ್ಸಾ ಮಾರಾಯ" ಅಂತ. ತೋಟದ ಕೆಲಸಕ್ಕೆ ಬರೋ ಅಣ್ಣ ಒಬ್ರು ದಾಸವಾಳದ ಗಿಡದಲ್ಲಿ ರಾಟವಾಳದ ಗೂಡಿದೆ, ತಂದ್ಕೊಡ್ಲಾ ಅಂದ್ರು. ಬೇಡ ಅಣ್ಣ ಅಂದೆ. ಕಾಡುಹಕ್ಕಿ ಮೊಟ್ಟೆ ಮುಟ್ಟೋದೂ ಅದೇ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಂತಲೇ ಲೆಕ್ಕ, ಕಾಯ್ದೆ ಇಲ್ದಿದ್ರೂ ನಾನು ತರ್ತಿರಲಿಲ್ಲ.

ಬಾಯಿ ತೆಗೆಸಿ ತುರುಕೋ ಯೋಚನೇನೂ ಬೇಡ. ಇಲಿಮರಿ ತರ ಮೆತ್ತಗಿನ ವಸ್ತು ಅಲ್ಲ ಇದು, ದವಡೆ ಹರಿಯುತ್ತೆ, ಮೊಟ್ಟೆ ಬಾಯಲ್ಲೇ ಒಡೆದ್ರೆ ಚಿಪ್ಪು ಕುಯ್ಯುತ್ತೆ. ತೀರಾ ಬಡಕಲಾದ್ರೆ ಸರೀಸೃಪ ಗೊತ್ತಿರೋ ಡಾಕ್ಟರು ಟ್ಯೂಬಲ್ಲಿ ಮೊಟ್ಟೆ ದ್ರವ ಹಾಕ್ತಾರೆ, ಅದು ಅವರ ಕೆಲಸ. ನಾನು ಮಾಡಿದ್ದು ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ಡಬ್ಬಿ ಇಟ್ಟು ವಾರಕ್ಕೊಂದು ಸಲ ತೂಕ ಬರ್ಕೊಳ್ಳೋದು. ಬೆನ್ನುಮೂಳೆ ಏಣಾಗಿ ಎದ್ದು ಕಾಣ್ತಿದ್ಯಾ, ಪಕ್ಕದ ಚರ್ಮ ಮಡಿಚ್ಕೊಳ್ತಿದ್ಯಾ ಅಂತ ನೋಡೋದು. ತೂಕ ನಿಂತಿದ್ರೆ ಕಾಯಬಹುದು. ಕಾಡಲ್ಲಿ ಇವು ಹಕ್ಕಿ ಗೂಡು ಕಟ್ಟೋ ಕಾಲದಲ್ಲಿ ಹೊಟ್ಟೆ ಬಿರಿಯ ತಿಂದು ಉಳಿದ ತಿಂಗಳೆಲ್ಲ ಉಪವಾಸ ಇರೋ ಜಾತಿ, ಆದ್ರೆ ಅದು ಮೈ ತುಂಬಿರೋ ದೊಡ್ಡ ಹಾವಿನ ಮಾತು, ಮರಿ ಅಷ್ಟು ತಡೆಯಲ್ಲ.

ಪೊರೆ ಬಿಟ್ಟ ಮೇಲೆ ತಿಂತು. ಪೊರೆ ಕಳಚಿದ ರಾತ್ರಿ ಬಟ್ಟೆ ಸಂದಿಂದ ಕೆಂಪು ಲೈಟಲ್ಲಿ ನೋಡ್ತಿದ್ದೆ. ಮೊಟ್ಟೆ ಸುತ್ತ ಬಂತು, ಒಂದು ತುದಿಯಿಂದ ಇನ್ನೊಂದು ತುದಿವರೆಗೂ ನಾಲಿಗೆ ಆಡಿಸ್ತು, ಮೂತಿಲಿ ತಳ್ಳಿ ತನ್ನ ಮೈಸುತ್ತಿಗೆ ಒತ್ತಿ ಉರುಳದ ಹಾಗೆ ಮಾಡ್ಕೊಳ್ತು. ಬಾಯಿ ತೆಗೆದಿದ್ದೇ ತಡ ಗಲ್ಲದ ಚರ್ಮ ಹಿಗ್ಗಿ ಹುರುಪೆ ಹುರುಪೆ ಬೇರೆ ಬೇರೆ ಆಗಿ ನಡುವೆ ಬಿಳಿ ಚರ್ಮ ಕಾಣ್ತಿತ್ತು. ನಿಧಾನಕ್ಕೆ ಮೊಟ್ಟೆ ಕುತ್ತಿಗೆಗೆ ಇಳೀತು, ಕುತ್ತಿಗೆ ಬಿಲ್ಲಿನ ಹಾಗೆ ಬಗ್ಗಿಸ್ತು, ಕಟಕ್ ಅಂತ ಸಣ್ಣ ಶಬ್ದ, ಉಬ್ಬು ಇಳಿದುಹೋಯ್ತು. ಒಳಗಿಂದು ಹೊಟ್ಟೆಗೆ ಹೋದ್ಮೇಲೆ ಬಾಯಿ ಅಗಲಿಸಿ ಚಿಪ್ಪನ್ನ ಪೊರೆ ಸಮೇತ ಒಂದೇ ಉಂಡೆ ಮಾಡಿ ಉಗುಳ್ತು. ಚಿಪ್ಪು ಹೊರಗೆ ಬಂದಿದ್ದು ನೋಡಿದ ಮೇಲೇ ನನಗೆ ನಿದ್ದೆ.

ಆಮೇಲೆ ಗಡಿಬಿಡಿ ಮಾಡಲಿಲ್ಲ. ಫಿಂಚ್ ಮೊಟ್ಟೆ ಸರಾಗ ಆದ್ಮೇಲೆ ಬಡ್ಜಿ ಮೊಟ್ಟೆ, ಅದನ್ನ ಒಂದು ರಾತ್ರಿ ಫಿಂಚ್ ಪುಕ್ಕದ ಜೊತೆ ಇಟ್ಟು ಕೊಟ್ಟೆ, ಒಪ್ಪಿಕೊಳ್ತು. ಈಗ ಬಡ್ಜಿದೇ ತಿಂತಿದೆ, ಒಂದೊಂದು ರಾತ್ರಿ ಎರಡು ಇಟ್ರೆ ಎರಡೂ ಖಾಲಿ. ಹಕ್ಕಿಗಳು ಮೊಟ್ಟೆ ಇಡದ ತಿಂಗಳಿಗೆ ಏನು ಅನ್ನೋ ಚಿಂತೆ ಇದೆ, ಅದಕ್ಕೆ ಮನೇಲೇ ಎರಡು ಜೋಡಿ ಜೀಬ್ರಾ ಫಿಂಚ್ ಸಾಕೋಕೆ ಗೂಡು ರೆಡಿ ಮಾಡ್ತಿದೀನಿ. ಸಾಗರ, ಹೊಸನಗರ, ಶಿವಮೊಗ್ಗ ಕಡೆ ಯಾರಾದ್ರೂ ಕಾಕಟೀಲ್ ಸಾಕ್ತಿದ್ರೆ ಹೇಳಿ, ಮುಂದಿನ ಮೆಟ್ಟಲಿಗೆ ಆ ಮೊಟ್ಟೆ ಬೇಕು.