ಹಲ್ಲೆಯಾದ ಮೇಲೆ ಕೇಸಿಗೆ ಎಷ್ಟು ದಿನದ ಗಡುವು?

ಹಲ್ಲೆ ಕೇಸಿಗೆಲ್ಲ ಒಂದೇ ಗಡುವಿಲ್ಲ. ಯಾವ ಕಲಮು ಬೀಳುತ್ತದೋ ಅದರ ಮೇಲೆ ಗಡುವು ನಿಲ್ಲುತ್ತದೆ. ಕಲಮನ್ನು ತೀರ್ಮಾನಿಸುವುದು ಗಾಯ ಮತ್ತು ಆಯುಧ. ಆದ್ದರಿಂದ ದಿನ ಎಣಿಸುವ ಮೊದಲು ಗಾಯವನ್ನು ಕಾಗದಕ್ಕೆ ಇಳಿಸಬೇಕು.

ಅದೇ ದಿನ ಆಸ್ಪತ್ರೆಗೆ ಹೋಗಿ, ‘ಹೊಡೆದಾಟದಲ್ಲಿ ಆದ ಗಾಯ’ ಎಂದೇ ಹೇಳಿ ಎಂ.ಎಲ್.ಸಿ. (ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ. ಜಗಳ ಬೆಳೆಯಬಾರದೆಂದು ‘ಬಿದ್ದೆ’ ಎಂದವರ ಚೀಟಿಯನ್ನು ಮುಂದೆ ಎದುರು ವಕೀಲರು ಅವರ ಮುಂದೆಯೇ ಹಿಡಿಯುತ್ತಾರೆ. ಊತ ಇದ್ದರೆ ಎಕ್ಸ್‌ರೇ ತೆಗೆಸಿ. ಮೂಳೆಯಲ್ಲಿ ಸಣ್ಣ ಬಿರುಕು ಕಂಡರೂ, ಹಲ್ಲೊಂದು ಮುರಿದಿದ್ದರೂ ಅದು ತೀವ್ರ ಗಾಯ. ಆಗ ಲೆಕ್ಕವೇ ಬೇರೆ.

2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಗಡುವು ಇರುವುದು ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಮಿನಲ್ಲಿ: ಬರೀ ದಂಡದ ಅಪರಾಧಕ್ಕೆ 6 ತಿಂಗಳು, ಗರಿಷ್ಠ ಶಿಕ್ಷೆ 1 ವರ್ಷದವರೆಗಿದ್ದರೆ 1 ವರ್ಷ, 1ರಿಂದ 3 ವರ್ಷದವರೆಗಿದ್ದರೆ 3 ವರ್ಷ. ಅದಕ್ಕಿಂತ ಹೆಚ್ಚಿನ ಶಿಕ್ಷೆಯಿದ್ದರೆ ಗಡುವೇ ಇಲ್ಲ. ಕೈಯಲ್ಲಿ ಹೊಡೆದು ತರಚುಗಾಯ, ಮೂಗೇಟು ಆದರೆ ನ್ಯಾಯ ಸಂಹಿತೆಯ 115(2), ಅಂದರೆ 1 ವರ್ಷದ ಗಡುವು. ಗಾಯವೇ ಆಗದ ತಳ್ಳಾಟಕ್ಕೆ 131, ಅದಕ್ಕೂ 1 ವರ್ಷ. ಮಚ್ಚು, ಚಾಕುವಿನಂಥ ಅಪಾಯಕಾರಿ ಆಯುಧದಿಂದ ಸಾಧಾರಣ ಗಾಯವಾದರೆ 118(1), 3 ವರ್ಷ. ತೀವ್ರ ಗಾಯದ 117(2)ಕ್ಕೆ 7 ವರ್ಷದವರೆಗೆ ಶಿಕ್ಷೆ ಇರುವುದರಿಂದ ಗಡುವಿಲ್ಲ. ಕೊಲೆ ಯತ್ನಕ್ಕೂ ಇಲ್ಲ. ಹಲವು ಕಲಮುಗಳು ಒಟ್ಟಿಗೆ ವಿಚಾರಣೆಯಾದರೆ ಹೆಚ್ಚು ಶಿಕ್ಷೆಯ ಕಲಮಿನದೇ ಲೆಕ್ಕ. ಜುಲೈ 1ಕ್ಕೆ ಮುಂಚಿನ ಘಟನೆಗೆ ಹಳೆಯ ಐಪಿಸಿ ಕಲಮುಗಳು (323, 324, 325) ಬೀಳುತ್ತವೆ, ಗಡುವು ಹೀಗೆಯೇ.

ಮೂಳೆ ಮುರಿಯದಿದ್ದರೂ 15 ದಿನ ತೀವ್ರ ನೋವಿದ್ದರೆ ಅಥವಾ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವೇ. ಐಪಿಸಿಯಲ್ಲಿ ಇದು 20 ದಿನವಿತ್ತು. ಆಸ್ಪತ್ರೆಯಲ್ಲಿ ಅಷ್ಟು ದಿನ ಮಲಗಿದ್ದರೆ ಸಾಲದು. ಕೆಲಸಕ್ಕೆ ಹೋಗಲಾಗಲಿಲ್ಲ ಎಂದು ವೈದ್ಯರ ಚೀಟಿ, ರಜೆಯ ದಾಖಲೆ ತೋರಿಸಬೇಕು.

ದಿನ ಎಣಿಸುವುದು ಹೀಗೆ. 2025ರ ಮಾರ್ಚ್ 10ರ ಸಂಜೆ ಕಪಾಳಕ್ಕೆ ಹೊಡೆದರು ಎನ್ನಿ. ಆ ದಿನವನ್ನು ಬಿಟ್ಟು 11ರಿಂದ ಎಣಿಸಿದರೆ 115(2)ಕ್ಕೆ ಕೊನೆಯ ದಿನ 2026ರ ಮಾರ್ಚ್ 10. ಅಂದು ಕೋರ್ಟಿಗೆ ರಜೆಯಿದ್ದರೆ ತೆರೆದ ದಿನವೂ ನಡೆಯುತ್ತದೆ. ಹೊಡೆದವರು ಯಾರೆಂದೇ ಗೊತ್ತಿಲ್ಲದಿದ್ದರೆ ಗೊತ್ತಾದ ದಿನದಿಂದ ಲೆಕ್ಕ. ಆರೋಪಿ ತಲೆಮರೆಸಿಕೊಂಡಿದ್ದ ಅಥವಾ ದೇಶದ ಹೊರಗಿದ್ದ ಕಾಲವನ್ನು ಲೆಕ್ಕದಿಂದ ಕಳೆಯುತ್ತಾರೆ. ಊರ ಹಿರಿಯರು ರಾಜಿ ಮಾತಾಡುತ್ತಿದ್ದ ಕಾಲವನ್ನು ಮಾತ್ರ ಯಾರೂ ಕಳೆಯುವುದಿಲ್ಲ. ಹಬ್ಬ ಮುಗಿಯಲಿ, ಜಾತ್ರೆ ಮುಗಿಯಲಿ ಎನ್ನುತ್ತಲೇ ವರ್ಷ ತುಂಬಿರುತ್ತದೆ.

ಹೆಚ್ಚು ಜನ ಮೋಸಹೋಗುವುದು ಎನ್.ಸಿ.ಆರ್. ಚೀಟಿಯಲ್ಲಿ, ಅಂದರೆ ಅಸಂಜ್ಞೇಯ ಅಪರಾಧವೆಂದು ಠಾಣೆಯಲ್ಲಿ ಬರೆದುಕೊಡುವ ಚೀಟಿಯಲ್ಲಿ. 115(2) ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಬರೆದುಕೊಂಡು ಚೀಟಿ ಕೊಡುತ್ತಾರೆ, ಇಬ್ಬರನ್ನೂ ಕರೆಸಿ ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಕೇಸಾಯಿತೆಂದು ನೀವು ಮನೆಗೆ ಬರುತ್ತೀರಿ. ಆದರೆ 514ರ ವಿವರಣೆ ಲೆಕ್ಕಕ್ಕೆ ಹಿಡಿಯುವುದು ಎರಡೇ ತಾರೀಖು: ಅದೇ ಸುರಕ್ಷಾ ಸಂಹಿತೆಯ 173ರ ಅಡಿ ಮಾಹಿತಿ ದಾಖಲಾದ ದಿನ, ಅಂದರೆ ಎಫ್‌ಐಆರ್, ಅಥವಾ 223ರ ಅಡಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಟ್ಟ ದಿನ. ಎನ್.ಸಿ.ಆರ್. ಬರುವುದು 174ರಲ್ಲಿ. ಆದ್ದರಿಂದ ಕೈಯಲ್ಲಿ ಬರೀ ಎನ್.ಸಿ.ಆರ್. ಅಥವಾ ಹಿಂಬರಹ ಇದ್ದರೆ ವಕೀಲರ ಮೂಲಕ ವರ್ಷದೊಳಗೆ 223ರ ಆ ದೂರನ್ನು, ಅಂದರೆ ಖಾಸಗಿ ದೂರನ್ನು ಹಾಕಿಸಿ. ಘಟನೆಯಾದ ಹತ್ತನೇ ತಿಂಗಳಿಗೇ ಹಾಕುವುದು ಕ್ಷೇಮ, ಕಾಗದದಲ್ಲಿ ಕೊರತೆಯಿದ್ದರೆ ಸರಿಪಡಿಸಲು ಸಮಯ ಸಿಗುತ್ತದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ತೀವ್ರ ಗಾಯವಿದ್ದೂ ಎಫ್‌ಐಆರ್ ಮಾಡದಿದ್ದರೆ ದೂರನ್ನು ಎಸ್‌ಪಿಗೆ ಬರಹದಲ್ಲಿ ಕಳಿಸಿ. ಅಂಚೆ ರಸೀದಿ ಎಸೆಯಬೇಡಿ. ಅಲ್ಲಿಯೂ ಆಗದಿದ್ದರೆ ತನಿಖೆಗೆ ಆದೇಶಿಸಿ ಎಂದು ಕೇಳುವ 175(3)ರ ಅರ್ಜಿಯನ್ನು ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರಿಗೆ ಕೊಡಬೇಕು. ಎಸ್‌ಪಿ ಹಂತ ಬಿಟ್ಟು ನೇರ ಹೋದ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ.

ಗಡುವಿಲ್ಲದ ಕಲಮೆಂದು ಸುಮ್ಮನೆ ಕೂರುವುದೂ ತಪ್ಪು. ಅಂಗಡಿಯ ಸಿಸಿಟಿವಿ ಕೆಲವೇ ವಾರಗಳಲ್ಲಿ ತನ್ನ ಮೇಲೆ ತಾನೇ ಬರೆದುಕೊಂಡು ಹಳೆಯದನ್ನು ಅಳಿಸುತ್ತದೆ. ತಡವಾಗಿದ್ದರೆ ಅದರ ಕಾರಣವನ್ನು ದೂರಿನಲ್ಲೇ ಬರೆಯಿರಿ: ‘ಆಸ್ಪತ್ರೆಯಲ್ಲಿ ಇಂತಿಷ್ಟು ದಿನ ಇದ್ದೆ’ ಎಂದು ತಾರೀಖು ಸಮೇತ. ಗಡುವು ದಾಟಿಯೇ ಹೋಗಿದ್ದರೆ ಸುರಕ್ಷಾ ಸಂಹಿತೆಯ 519ರಲ್ಲಿ ವಿಳಂಬ ಮನ್ನಿಸಲು ಅರ್ಜಿ ಹಾಕಬಹುದು. ‘ಕಾನೂನು ಗೊತ್ತಿರಲಿಲ್ಲ’ ಎಂಬ ಒಂದೇ ಕಾರಣ ನಂಬಿ ಹೋಗಬೇಡಿ.

ಚಿಕಿತ್ಸೆ ಖರ್ಚು, ಕಳೆದುಹೋದ ಸಂಬಳಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆ ಬೇರೆ. 1963ರ ಕಾಲಮಿತಿ ಕಾಯ್ದೆಯ 113ನೇ ಅನುಚ್ಛೇದದ ಪ್ರಕಾರ ಅದಕ್ಕೆ 3 ವರ್ಷ. ಇಲ್ಲಿ ವಿಳಂಬ ಮನ್ನಾ ಇಲ್ಲ, ಏಕೆಂದರೆ ಆ ಕಾಯ್ದೆಯ 5ನೇ ಕಲಮು ದಾವೆಗಳಿಗೆ ಅನ್ವಯಿಸುವುದಿಲ್ಲ. ಕ್ರಿಮಿನಲ್ ಕೇಸು ಮುಗಿಯಲಿ ಎಂದು ಕಾದರೆ ಇದು ಕೈತಪ್ಪುತ್ತದೆ. ಪೊಲೀಸರೇ ಹೊಡೆದಿದ್ದರೆ ಮಾನವ ಹಕ್ಕುಗಳ ಆಯೋಗಕ್ಕೆ ವರ್ಷದೊಳಗೆ ದೂರು ಹೋಗಬೇಕು. ಗಂಡನ ಮನೆಯಲ್ಲಿ ಹೊಡೆತ ತಿಂದವರು ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಕಲಮಿನ ಅರ್ಜಿಗೆ ಮಾತ್ರ ಈ ಎಣಿಕೆ ಹಚ್ಚಬೇಕಾಗಿಲ್ಲ, ಸುಪ್ರೀಂ ಕೋರ್ಟು 2022ರಲ್ಲಿ ಹಾಗೆಂದು ಹೇಳಿದೆ.