ಏರ್‌ಬೆಡ್ ವಾಪಸ್ ತರುವ ನೆಪ

"ರೋಗಿಯೇ ಹೋದ ಮೇಲೆ ಆ ಮನೇಲಿ ನಿಮಗೇನು ಕೆಲಸ?" ಅಂತ ನಮ್ಮ ಲೆಕ್ಕದವರು ಪೆಟ್ರೋಲ್ ಚೀಟಿ ವಾಪಸ್ ಕೊಟ್ಟಿದ್ದರು. ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಲು ಮನೆಗೇ ಹೋಗುವ ಪ್ಯಾಲಿಯೇಟಿವ್ ಹೋಂ ಕೇರ್ ತಂಡದ ಜೊತೆ ಗುಬ್ಬಿ, ತುರುವೇಕೆರೆ ಕಡೆ ಸುತ್ತುವವಳು ನಾನು. ರೋಗಿ ತೀರಿಕೊಂಡ ಮೇಲೂ ಉಳಿದವರ ದುಃಖ ಕೇಳಲು ಆ ಮನೆಗಳಿಗೆ ಹೋಗುತ್ತೇನೆ. ಮೊದಲ ವರ್ಷ ಕೈಯಿಂದ ಆರೇಳು ಸಾವಿರ ಹೋಯಿತು.

ಮೊದಮೊದಲು ಮಾಡಿದ್ದೆಲ್ಲ ಕೆಟ್ಟಿತು. ಫೋನ್ ಮಾಡಿದರೆ "ಹ್ಞೂಂ, ಚೆನ್ನಾಗಿದೀವಿ" ಅಂತ ಇಟ್ಟುಬಿಡೋರು. ಭಾನುವಾರ ಶಾಲೆ ಕೊಠಡಿಯಲ್ಲಿ ಸಭೆ ಕರೆದೆ. ಉಪ್ಪಿಟ್ಟು 40 ಜನಕ್ಕೆ, ಬಂದವರು ಮೂವರು, ಅದರಲ್ಲೊಬ್ಬರು ಪಿಂಚಣಿ ಅರ್ಜಿ ಹಿಡಿದು. ಹಾಲುತುಪ್ಪದ ದಿನ ಹೋದರೆ ಮನೆ ತುಂಬ ನೆಂಟರು, ತಿಥಿಗೆ ಹೋದರೆ ಊಟಕ್ಕೆ ಕೂರಿಸಿದರು. ಒಂದು ಕಡೆ ಬಾಯಿತಪ್ಪಿ "ಹೋಗಿ ಬರ್ತೀನಿ" ಅಂದುಬಿಟ್ಟೆ. ಸಾವಿನ ಮನೆ ಹೊಸ್ತಿಲಲ್ಲಿ! ಮತ್ತೆ ಅಲ್ಲಿಗೆ ಕಾಲಿಡಲಾಗಲಿಲ್ಲ.

ಕೈಹಿಡಿದದ್ದು ಏರ್‌ಬೆಡ್, ಮಲಗಿದಲ್ಲೇ ಇರುವ ರೋಗಿಗೆ ಹುಣ್ಣಾಗದಂತೆ ನಾವು ಕೊಟ್ಟಿರುವ ಗಾಳಿ ಹಾಸಿಗೆ. ತಿಥಿ ಮುಗಿದು ಎಂಟು ಹತ್ತು ದಿನಕ್ಕೆ, ನೆಂಟರೆಲ್ಲ ಖಾಲಿಯಾದ ಮೇಲೆ, "ಬೆಡ್ಡು, ಉಳಿದ ಮಾರ್ಫಿನ್ ನೋವಿನ ಮಾತ್ರೆ ತಗೊಂಡು ಹೋಗೋಣ ಅಂತ ಬಂದೆ" ಅನ್ನುತ್ತೇನೆ. ಕೌನ್ಸೆಲಿಂಗ್ ಅಂದರೆ "ನಮಗೇನು ತಲೆ ಕೆಟ್ಟಿದೆಯಾ" ಅಂತಾರೆ, ಆ ಮಾತೇ ಎತ್ತೋದಿಲ್ಲ. ರಿಜಿಸ್ಟರಿಗೆ ಬರೆಯಬೇಕಲ್ಲ, ಮಾತ್ರೆ ಎಣಿಸೋದು ಮಾತ್ರ ಅವರ ಕೈಯಲ್ಲೇ. ಹತ್ತರಲ್ಲಿ ಆರೇಳು ಮನೆಯಲ್ಲಿ ಎಣಿಸುವ ಕೈ ನಡುವೆ ನಿಲ್ಲುತ್ತದೆ.

"ಆ ರಾತ್ರಿ ಕೊನೇ ಮಾತ್ರೆ ನಾನೇ ಕೊಟ್ಟೆ ಸಿಸ್ಟರಮ್ಮ, ಅದಕ್ಕೇ ಹೋದ್ರಾ?"

ಇದನ್ನು ನುಂಗಿಕೊಂಡು ನಿದ್ದೆಗೆಟ್ಟವರು ಎಷ್ಟು ಮಂದಿಯೋ. ಡೋಸ್ ಚೀಟಿ ಬಿಡಿಸಿ, ನಾಲ್ಕು ಗಂಟೆಗೊಮ್ಮೆ 10 ಮಿ.ಗ್ರಾಂ., ನೋವಿನ ಅಳತೆಗೆ ಡಾಕ್ಟರು ಬರೆದದ್ದು ಅಂತ ಸಾಲುಸಾಲಾಗಿ ಬೆರಳಿಟ್ಟು ತೋರಿಸುತ್ತೇನೆ. ಒಯ್ದದ್ದು ಕಾಯಿಲೆ, ಮಾತ್ರೆಯಲ್ಲ. ಆಮೇಲೆ ಸುಮ್ಮನೆ ಕೂರುತ್ತೇನೆ. ಕೆಲವೊಮ್ಮೆ ಮುಕ್ಕಾಲು ಗಂಟೆ. ಎಣಿಸಲು ಕೊಡುವ ಮುಂಚೆ ಕೇಳುವ ಪ್ರಶ್ನೆಯೊಂದಿದೆ, ಅದನ್ನಿಲ್ಲಿ ಬರೆಯೋದಿಲ್ಲ. ಒಂದು ದಿನ ಗಾಡಿ ಹಿಂದೆ ಕೂತು ಬನ್ನಿ.

ನಡುವೆ ಇನ್ನೊಂದು ಹುಚ್ಚೂ ಹಿಡಿದಿತ್ತು. ಹೋದವರ ನೆನಪಿಗೆ ಅಂತ ಸಂಪಿಗೆ ಸಸಿ ಹಂಚಿದೆ. ಅರ್ಧ ಮೇಕೆ ಪಾಲಾಯಿತು. ಒಬ್ಬಾಕೆ ಗಿಡ ಒಣಗಿತೆಂದು ಗಂಡ ಎರಡನೇ ಸಲ ಸತ್ತಂತೆ ಅತ್ತರು. ಅಂದೇ ನಿಲ್ಲಿಸಿದೆ.

ಇದುವರೆಗೆ ಎಪ್ಪತ್ತರ ಮೇಲೆ ಮನೆ ಆಗಿರಬೇಕು. "ನಾನೂ ಹೋಗ್ತೀನಿ" ಅಂದವರು ನಾಲ್ಕೈದು ಮಂದಿ. ಅವರ ಹತ್ತಿರ ನನ್ನ ಜಾಣ್ಮೆ ತೋರಿಸದೆ ಅವತ್ತೇ ಮನೋವೈದ್ಯರ ಹತ್ತಿರ ಕರೆದೊಯ್ದೆ, ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಗೋಡೆಗೆ ಬರೆದುಕೊಟ್ಟೆ.

ಈಗ ಲೆಕ್ಕದವರೇ ಪೆಟ್ರೋಲ್ ಚೀಟಿ ಕೇಳಿ ಇಸಿದುಕೊಳ್ಳುತ್ತಾರೆ. ಮುಂಚೆ ಅರ್ಧಕ್ಕರ್ಧ ಏರ್‌ಬೆಡ್ ವಾಪಸ್ ಬರುತ್ತಿರಲಿಲ್ಲ, ಒಂದೊಂದಕ್ಕೆ ಮೂರು ಸಾವಿರ. ಚೀಟಿ ಪಾಸಾಗೋದು ಅದಕ್ಕೇ ಇರಬೇಕು.